ಅಂಕೋಲೆಯ ಸಿಪಾಯಿ, ಗಿರಗಾಂವ್ ಆಫೀಸು

ಗಣೇಶೋತ್ಸವದ ಫೋಟೊಗಳು ಈ ಸಲ ರಾಶಿ ಬಂದಿವೆ. ಎಲ್ಲವನ್ನೂ ನಮ್ಮ ಸಂಘದ ಪತ್ರಿಕೆಯ ಒಳಪುಟಗಳಲ್ಲಿ ಹಾಕಿದ್ದೇವೆ, ಯಾರೂ ಬೇಜಾರು ಮಾಡ್ಕೋಬೇಡಿ. ಈ ಪುಟ ಮಾತ್ರ ದಿನಕರ ದೇಸಾಯಿಯವರಿಗೆ. 1909ರ ಸೆಪ್ಟೆಂಬರ್ 10 ಅವರು ಹುಟ್ಟಿದ ದಿನ. ಚುಟುಕ ಬ್ರಹ್ಮ ಅಂತ ಎಲ್ಲರಿಗೂ ಗೊತ್ತು. ಗಡಿಯಾರದ ಮೇಲಿನ ಆ ಮಕ್ಕಳ ಪದ್ಯ ಬಾಯಿಪಾಠ ಮಾಡದೆ ಕನ್ನಡ ಶಾಲೆ ದಾಟಿದವರು ನಮ್ಮಲ್ಲಿ ಕಡಿಮೆ, ಅದೂ ಅವರದ್ದೇ. ಆದರೆ ಅಂಕೋಲೆಯ ಈ ಮನುಷ್ಯ ದುಡಿಮೆಯ ಒಳ್ಳೆಯ ವರ್ಷಗಳನ್ನು ಕಳೆದದ್ದು ನಮ್ಮ ಮುಂಬಯಿಯಲ್ಲಿ ಅನ್ನೋದು ನಮ್ಮ ಸಂಘದ ಸಭೆಗಳಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ.

ಮುಂಬಯಿಯಲ್ಲಿ ಎಂ.ಎ., ಎಲ್‌ಎಲ್‌.ಬಿ. ಮುಗಿಸಿದರು. ಕರಿ ಕೋಟು ಹಾಕಿಕೊಂಡು ಹೈಕೋರ್ಟಿಗೆ ಹೋಗಿದ್ದರೆ ಕೇಳುವವರು ಯಾರೂ ಇರಲಿಲ್ಲ. ಅವರು ಹೋಗಿ ಸೇರಿದ್ದು ಭಾರತ ಸೇವಕ ಸಮಾಜವನ್ನು. ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಕಟ್ಟಿದ ಸಂಸ್ಥೆ ಅದು. ಮುಂಬಯಿ ಕಚೇರಿ ಗಿರಗಾಂವ್‌ನಲ್ಲಿ. ಸದಸ್ಯನಾಗುವವನು ಏಳು ಪ್ರತಿಜ್ಞೆ ಮಾಡಬೇಕಿತ್ತು. ಅದರಲ್ಲೊಂದು, ಸಂಸ್ಥೆ ಕೊಟ್ಟಷ್ಟರಲ್ಲೇ ತಾನೂ ತನ್ನ ಮನೆಯವರೂ ಬದುಕಬೇಕು, ಸ್ವಂತಕ್ಕೆ ಹಣ ಮಾಡೋ ಕೆಲಸಕ್ಕೆ ಕೈ ಹಾಕಬಾರದು ಅಂತ. ಇನ್ನೊಂದು, ಯಾರೊಂದಿಗೂ ಸ್ವಂತದ ಜಗಳ ಆಡಬಾರದು. (ಎರಡನೆಯದನ್ನು ನಮ್ಮ ಕಾರ್ಯಕಾರಿ ಸಮಿತಿಗೂ ತರಬಹುದೇನೋ.) ಬ್ರಿಟಿಷ್ ಸರ್ಕಾರಕ್ಕೆ ಅರ್ಜಿ ಬರೆಯೋ ಮಂದಿ ಅಂತ ಬಿಸಿರಕ್ತದವರು ಈ ಸಂಸ್ಥೆಯನ್ನು ಕಂಡು ಮೂಗು ಮುರಿಯುತ್ತಿದ್ದರು. ಕೋವಿ ಹಿಡಿಯದ, ಸಮವಸ್ತ್ರ ಇಲ್ಲದ ಸಿಪಾಯಿಗಳು ಅಲ್ಲಿಂದಲೂ ಬಂದರು ಅನ್ನೋದಕ್ಕೆ ದೇಸಾಯಿ ಸಾಕ್ಷಿ.

ಅವರ ಪಾಲಿಗೆ ಬಂದದ್ದು ಹಡಗಿನ ಕೆಲಸಗಾರರು. ಆಗಿನ ಮುಂಬಯಿ ಬಂದರಿನಲ್ಲಿ ಹಡಗು ಹತ್ತಬೇಕೆಂದರೆ ಸೇರಂಗನ (ಹಡಗಿನ ಆಳುಗಳ ಮೇಸ್ತ್ರಿ) ಕೈ ಬಿಸಿ ಮಾಡಬೇಕು, ಅವನ ಹಿಂದಿರುವ ದಲ್ಲಾಳಿಯದ್ದೂ ಮಾಡಬೇಕು. ಒಂದು ಪ್ರಯಾಣ ಮುಗಿಸಿ ಇಳಿದವನು ಮುಂದಿನ ಹಡಗು ಸಿಗೋವರೆಗೆ ತಿಂಗಳುಗಟ್ಟಲೆ ಸುಮ್ನೆ ಕೂರಬೇಕು, ಆ ಹೊತ್ತಿನ ಊಟಕ್ಕೆ ಸಾಲ, ಸಾಲ ಕೊಟ್ಟವನೇ ಮುಂದಿನ ಕೆಲಸವನ್ನೂ ಕೊಡಿಸುವವನು, ಹೀಗೆ ಹಡಗು ಹತ್ತೋ ಮೊದಲೇ ಸಂಬಳ ಬೇರೆಯವರ ಕಿಸೆ ಸೇರುತ್ತಿತ್ತು. ಗೋವಾದಿಂದ ಬಂದ ಹುಡುಗರು ಧೋಬಿ ತಲಾವ್ ಕಡೆಯ ತಮ್ಮ ಊರಿನವರ ವಸತಿಮನೆಗಳಾದ ಕೂಡ್‌ಗಳಲ್ಲಿ ಟ್ರಂಕು ಇಟ್ಟುಕೊಂಡು ಕಾಯುತ್ತಿದ್ದರು. ದೇಸಾಯಿ ಇದನ್ನು ನೋಡಿ ಬರೀ ಭಾಷಣ ಮಾಡಲಿಲ್ಲ. ಭಾರತದ ಹಡಗು ಕಾರ್ಮಿಕರ ಬಗ್ಗೆ ಕೂತು ಓದಿದರು, ಅಂಕಿ ಅಂಶ ಕಲೆಹಾಕಿದರು, 1940ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ತಂದರು. ಯೂನಿಯನ್ ಕೆಲಸವನ್ನೂ ಜೊತೆಗೇ ಮಾಡಿದರು. ಹಡಗು ಕಂಪನಿಯ ಮುಂದೆ ಕೂತಾಗ ಲೆಕ್ಕ ಗೊತ್ತಿರಬೇಕು ಅನ್ನೋ ಹಟ ಅವರದು. ನನಗೆ ಅವರಲ್ಲಿ ಎಲ್ಲಕ್ಕಿಂತ ಜಾಸ್ತಿ ಹಿಡಿಸೋದು ಇದೇ.

ಊರಲ್ಲಿ ಇನ್ನೊಂದು ಜಗಳ ಕಾದಿತ್ತು. ಉತ್ತರ ಕನ್ನಡದಲ್ಲಿ ಮೂಲಗೇಣಿಯವನಿಗೆ, ಅಂದರೆ ಕಾಯಂ ಗೇಣಿದಾರನಿಗೆ, ಒಂದಿಷ್ಟು ನೆಲೆ ಇತ್ತು. ಚಾಲಗೇಣಿಯವನದು ಬರೀ ಬಾಯಿಮಾತಿನ ಬಾಳು. ಒಡೆಯರಿಗೆ ಮನಸ್ಸು ಬಂದಷ್ಟು ದಿನ ಗದ್ದೆ, ಬೇಡವೆಂದರೆ ಮಾರನೇ ವರ್ಷ ಬೇರೆಯವನ ನೇಗಿಲು. ಮಳೆ ಕೈಕೊಟ್ಟರೂ ಗೇಣಿ ಭತ್ತ ಒಡೆಯರ ಅಂಗಳಕ್ಕೆ ಹೊತ್ತು ಹಾಕಬೇಕು. ದೇಸಾಯಿ ರೈತರನ್ನು ಸೇರಿಸಿ ಸಂಘಟನೆ ಕಟ್ಟಿದರು. 1930ರಲ್ಲೇ ಉಪ್ಪು ಮಾಡಿ, ಆಮೇಲೆ ಕರ ಕೊಡದೆ ಆಸ್ತಿ ಕಳಕೊಂಡ ತಾಲೂಕು ಅಂಕೋಲೆ, ಹೆದರಿಕೆ ಆಗಲೇ ಬಿಟ್ಟುಹೋಗಿತ್ತು. ಸರ್ಕಾರಕ್ಕೆ ಸಿಟ್ಟು ಬಂತು. ಹಡಗಿನವರ ಪುಸ್ತಕ ಹೊರಬಂದ 1940ರಲ್ಲೇ ಅವರನ್ನು ಜಿಲ್ಲೆಯಿಂದ ಗಡೀಪಾರು ಮಾಡಿದರು. ಐದು ವರ್ಷ ಹುಟ್ಟಿದ ಮಣ್ಣಿಗೆ ಕಾಲಿಡುವ ಹಾಗಿಲ್ಲ.

ಇಲ್ಲೊಂದು ತಮಾಷೆ ಇದೆ. ಆಗ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತ್ಯದ್ದು. ಗೇಣಿಯ ಕಾನೂನು ತಯಾರಾಗುತ್ತಿದ್ದದ್ದು ಇಲ್ಲಿ, ಮುಂಬಯಿಯಲ್ಲಿ. ಜಿಲ್ಲೆ ಬಿಟ್ಟು ಹೋಗು ಅಂದವರಿಗೆ, ಆ ಜಿಲ್ಲೆಯನ್ನು ಆಳೋ ರಾಜಧಾನಿ ಬಿಟ್ಟು ಹೋಗು ಅನ್ನೋದು ಹೊಳೆಯಲಿಲ್ಲ! 1948ರ ಮುಂಬಯಿ ಗೇಣಿ ಕಾಯ್ದೆಯ ಶ್ರೇಯಸ್ಸನ್ನು ಒಬ್ಬರ ತಲೆಗೆ ಕಟ್ಟುವುದು ತಪ್ಪು, ಪ್ರಾಂತ್ಯದ ತುಂಬ ರೈತರು ಎದ್ದು ನಿಂತಿದ್ದರು. ಆದರೂ ನಮ್ಮ ಕರಾವಳಿಯಲ್ಲಿ ಚಾಲಗೇಣಿಯವನ ಬಾಯಿಗೆ ಮಾತು ಕೊಟ್ಟವರಲ್ಲಿ ಇವರ ಹೆಸರು ಮುಂದೆ ಬರುತ್ತೆ.

ಆಮೇಲೆ ‘ಜನಸೇವಕ’ ವಾರಪತ್ರಿಕೆ, ಅದರ ಸಂಪಾದಕರು ಅವರೇ. ನಾನೂ ಸಂಪಾದಕನಾದ್ದರಿಂದ ಅವರನ್ನು ಪಕ್ಕದ ಕುರ್ಚಿಯವನನ್ನು ನೋಡುವಂತೆ ನೋಡುತ್ತೇನೆ, ಆದರೆ ಅಷ್ಟು ಸಲಿಗೆಗೆ ನನಗೆ ಯೋಗ್ಯತೆ ಇಲ್ಲ ಬಿಡಿ. ಅಗ್ರಲೇಖನಕ್ಕೆ ಪುರುಸೊತ್ತಿಲ್ಲದ ಓದುಗನಿಗೆ ಅವರು ಕೊಟ್ಟದ್ದು ನಾಲ್ಕು ಸಾಲು. ಸುಲಭದ ಪ್ರಾಸ, ಮನೆಮಾತಿನ ಪದ, ಮೂರನೇ ಸಾಲಿನವರೆಗೆ ನಗಿಸಿಕೊಂಡು ಹೋಗಿ ನಾಲ್ಕನೆಯದರಲ್ಲಿ ಮಂತ್ರಿಯನ್ನೋ ಮಠವನ್ನೋ ಚಿವುಟುವುದು. ಒಮ್ಮೆ ಕೇಳಿದರೆ ಓದು ಬಾರದವನಿಗೂ ನೆನಪಿರುತ್ತೆ, ಮತ್ತೊಬ್ಬನಿಗೆ ಹೇಳ್ತಾನೆ. ಪತ್ರಿಕೆಯ ಪ್ರತಿ ಹೋಗದ ಊರಿಗೂ ಪತ್ರಿಕೆ ಹೋದ ಹಾಗೆ. ಸಾವಿರಗಟ್ಟಲೆ ಬರೆದರು, ಎಲ್ಲವೂ ಚೆನ್ನಾಗಿಲ್ಲ, ಕೆಲವು ಬರೀ ಪ್ರಾಸಕ್ಕೆ ಹುಟ್ಟಿದವು. ಹಾಗೆ ಬರೆದದ್ದರಿಂದಲೇ ಒಳ್ಳೆಯವೂ ಅಷ್ಟು ಸಿಕ್ಕವು ಅಂತ ನನ್ನ ಎಣಿಕೆ.

1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಗಳಲ್ಲಿ ಹೈಸ್ಕೂಲು ತೆರೆದರು. 1966ರಲ್ಲಿ ಅಂಕೋಲೆಗೆ ಕಾಲೇಜು ಬಂತು. ಅದಕ್ಕೆ ತಮ್ಮ ಹೆಸರಿಡದೆ ಗೋಖಲೆಯವರದ್ದು ಇಟ್ಟರು, ಅದು ಗೋಖಲೆಯವರ ನೂರನೇ ವರ್ಷ. 1967ರಲ್ಲಿ ಪಕ್ಷೇತರರಾಗಿ ಲೋಕಸಭೆಗೆ ಗೆದ್ದರು. 1982ರಲ್ಲಿ ತೀರಿಕೊಂಡರು.

ಈಗ ನಮ್ಮ ವಿಷಯ. ಮುಂದಿನ ಸಂಚಿಕೆಯಿಂದ ಒಂದು ಚುಟುಕದ ಮೂಲೆ ಶುರು ಮಾಡ್ತೇವೆ. ನಾಲ್ಕೇ ಸಾಲು. ಲೋಕಲ್ ಟ್ರೈನು, ಸೊಸೈಟಿ ಮೀಟಿಂಗು, ಊರಿನ ಗದ್ದೆ, ಏನು ಬೇಕಾದರೂ ಇರಲಿ. ಅಧ್ಯಕ್ಷರಿಗೆ ಶುಭಾಶಯ ಕೋರುವ ಚುಟುಕ ಮಾತ್ರ ತಗೊಳ್ಳುವುದಿಲ್ಲ, ಅಧ್ಯಕ್ಷರನ್ನು ಕೇಳಿಯೇ ಹೇಳ್ತಿದ್ದೇನೆ. ತಿಂಗಳ 20ರೊಳಗೆ ಕಳಿಸಿ.