ಮಗಳಿಗೊಂದು ಪತ್ರ: ಹುಬ್ಬಳ್ಳಿಗೆ ಬರುವ ಮುಂಚೆ

ಮಗಳೇ,

ಬೆಂಗಳೂರು ಬಿಟ್ಟು ಇಲ್ಲೇ ಬಂದು ಇರೋಣ ಅಂತ ನೀವಿಬ್ಬರೂ ಯೋಚಿಸುತ್ತಿದ್ದೀರಿ ಅಂದ ಮೇಲೆ ನಿನ್ನ ಅಪ್ಪ ಮೇಲಿನ ಮನೆಗೆ ಬಣ್ಣ ಹೊಡೆಸುವ ಮಾತು ಶುರು ಮಾಡಿದ್ದಾರೆ. ನನಗೂ ಖುಷಿಯೇ. ಆದರೆ ನೀನು ಕೇಳಿದ್ದು ಇಲ್ಲಿ ಏನು ಅನುಕೂಲ, ಏನು ಕಷ್ಟ ಅಂತ. ಅದನ್ನು ಫೋನಿನಲ್ಲಿ ಪೂರ್ತಿ ಹೇಳಲು ಆಗಲಿಲ್ಲ. ದೀಪಾವಳಿಗೆ ನಾಲ್ಕು ದಿನ ಬಂದು ಹೋಗುವವರಿಗೆ ಕಾಣುವ ಊರೇ ಬೇರೆ, ವರ್ಷಪೂರ್ತಿ ಇರುವವರ ಊರೇ ಬೇರೆ.

ಮೊದಲು ನೀರು. ಉಳಿದದ್ದೆಲ್ಲ ಆಮೇಲೆ. ನಮ್ಮ ಓಣಿಗೆ ಈಗಲೂ ವಾರಕ್ಕೊಮ್ಮೆ ನೀರು. ಬೇಸಿಗೆಯಲ್ಲಿ ಅದೂ ಹಿಂದೆ ಮುಂದೆ ಆಗುತ್ತದೆ. ಮಲಪ್ರಭೆಯ ನೀರು ಸವದತ್ತಿ ಕಡೆಯಿಂದ ಅಷ್ಟು ದೂರ ಪಂಪ್ ಆಗಿ ಬರಬೇಕು, ದಾರಿಯಲ್ಲಿ ಎಲ್ಲೋ ಪೈಪ್ ಒಡೆದರೆ, ಕರೆಂಟ್ ಹೋದರೆ ನಮ್ಮ ಪಾಳಿ ಮುಂದಕ್ಕೆ ಹೋಯಿತು ಅಂತಲೇ ಲೆಕ್ಕ. ನೀರು ಬರುವ ದಿನ ಯಾರೂ ಊರಿಗೆ ಹೋಗುವುದಿಲ್ಲ. ಕೆಲವೊಮ್ಮೆ ರಾತ್ರಿ ಎರಡಕ್ಕೆ ಬಿಡುತ್ತಾರೆ. ಮೊದಲು ನಳದಲ್ಲಿ ಗಾಳಿ ಬುಸ್ ಅನ್ನುತ್ತದೆ, ಆಮೇಲೆ ಸ್ವಲ್ಪ ಹೊತ್ತು ಕೆಂಪು ನೀರು, ಅದನ್ನು ಗಿಡಗಳಿಗೆ ಬಿಟ್ಟು, ನಳದ ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಕುಡಿಯುವ ಕೊಡಗಳನ್ನು ಮೊದಲು ತುಂಬಿಸಿ, ಆಮೇಲೆ ನೆಲದಡಿಯ ಸಂಪಿನೊಳಗೆ ಪೈಪು ಹಾಕಬೇಕು. ಪಕ್ಕದ ಮನೆಯವರು ಎದ್ದಿಲ್ಲ ಅಂದರೆ ನಾವೇ ಗೇಟು ಬಡಿಯುತ್ತೇವೆ. ಇಲ್ಲಿ ಬೆಳೆದ ನಿನಗೆ ಇದೆಲ್ಲ ಗೊತ್ತು. ಆದರೆ ನಿನ್ನ ಗಂಡನಿಗೆ ಗೊತ್ತಿಲ್ಲ, ಅವನಿಗೆ ಸರಿಯಾಗಿ ಹೇಳು.

ನನಗೆ ಸಿಟ್ಟು ಬರುವುದು ಇದಕ್ಕೆ: ಮಾಡಲು ಆಗದ ಕೆಲಸ ಅಲ್ಲ ಇದು. 2008ರಲ್ಲೇ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡ್‌ಗಳಿಗೆ 24 ಗಂಟೆ ನೀರು ಕೊಟ್ಟು ತೋರಿಸಿದ್ದಾರೆ. ಅದೇ ಊರು, ಅದೇ ನದಿ. ಅಲ್ಲಿನವರು ಸಂಪಿನ ಚಿಂತೆ ಮರೆತರು, ಉಳಿದವರು ಇನ್ನೂ ಪಾಳಿ ಕಾಯುತ್ತಿದ್ದೇವೆ. ಆದ್ದರಿಂದ ಮುಂದೆ ಸೈಟು, ಫ್ಲ್ಯಾಟು ಏನೇ ನೋಡಿದರೂ ಬಡಾವಣೆಯ ಹೆಸರು ಕೇಳಬೇಡ, ನೀರು ಎಷ್ಟು ದಿನಕ್ಕೊಮ್ಮೆ ಅಂತ ಕೇಳು. ಅದೂ ಏಜೆಂಟನ್ನು ಅಲ್ಲ, ಎದುರು ಮನೆಯ ಹೆಂಗಸರನ್ನು.

ಧೂಳಿನ ವಿಷಯ ನೀನೇ ಬರೆದಿದ್ದೀಯ. ಹೌದು, ಜಾಸ್ತಿ ಇದೆ. ಚೆನ್ನಮ್ಮ ಸರ್ಕಲ್ ಸುತ್ತ ಫ್ಲೈಓವರ್ ಕೆಲಸ ಶುರುವಾದ ಮೇಲಂತೂ ಅಂಗಡಿಯವರ ಪಾಡು ಕೇಳಬೇಡ. ನಮ್ಮದು ಎರೆಮಣ್ಣಿನ ನೆಲ, ಮಳೆಯಲ್ಲಿ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಮೇಲೆ ಹಾಕಿದ ರಸ್ತೆ ಎಷ್ಟು ದಿನ ಬಾಳೀತು? ಆದರೆ ಮಣ್ಣಿನ ಮೇಲೆ ತಪ್ಪು ಹೊರಿಸಿ ಕೂರುವುದೂ ಸರಿಯಲ್ಲ. ಅಡಿಪಾಯ ಸರಿಯಾಗಿ ಹಾಕಿದ ಕಾಂಕ್ರೀಟ್ ರಸ್ತೆಗಳು ಇದೇ ಮಣ್ಣಿನ ಮೇಲೆ ಗಟ್ಟಿಯಾಗಿ ನಿಂತಿವೆ. ನಿನ್ನ ಮಗನಿಗೆ ಉಬ್ಬಸ ಇದೆ, ಬರುವ ಮುಂಚೆ ಅವನ ಡಾಕ್ಟರ್ ಹತ್ತಿರ ಒಂದು ಮಾತು ಕೇಳು. ಹುಬ್ಬಳ್ಳಿ ಆಗದಿದ್ದರೆ ಧಾರವಾಡ ಇದೆ. ಅಲ್ಲಿ ಮರಗಳಿವೆ, ಗಾಳಿ ತಣ್ಣಗಿದೆ, ಸಂಜೆ ಆರಾಮಾಗಿ ಅಡ್ಡಾಡಬಹುದು.

ದೂರ ಅನ್ನಬೇಡ. ಚಿಗರಿ ಬಸ್ಸು ಬಂದ ಮೇಲೆ ಎರಡೂ ಊರು ಒಂದೇ ಆಗಿವೆ. ಅದಕ್ಕೆ ಬೇರೆ ಹಾದಿಯೇ ಇದೆ, 22 ಕಿಲೋಮೀಟರಿನಷ್ಟು. ಎ.ಸಿ. ಬಸ್ಸು, ಸ್ಟೇಷನ್ನಿನೊಳಗೆ ಹೋಗಿ ನಿಂತರೆ ಬಾಗಿಲು ನೆಲದ ಮಟ್ಟಕ್ಕೇ ಬರುತ್ತದೆ. ಮಂಡಿನೋವಿನ ನನಗೆ ಅದು ಎಂಥ ಉಪಕಾರ ಗೊತ್ತಾ? ಹಳೇ ಬಸ್ಸಿನ ಮೆಟ್ಟಿಲು ಹತ್ತಲು ಹೆದರಿ ಧಾರವಾಡದ ಮದುವೆಗಳನ್ನೆಲ್ಲ ತಪ್ಪಿಸುತ್ತಿದ್ದವಳು ಈಗ ಒಬ್ಬಳೇ ಹೋಗಿ ಬರುತ್ತೇನೆ. ದೊಡ್ಡ ಮಳೆಗೆ ಹಾದಿಯಲ್ಲಿ ಅಲ್ಲಲ್ಲಿ ನೀರು ನಿಲ್ಲುತ್ತದೆ, ಬಸ್ಸುಗಳೂ ಹಳೆಯದಾಗುತ್ತಿವೆ. ಆದರೂ ನಮ್ಮ ಊರಿನಲ್ಲಿ ಇತ್ತೀಚೆಗೆ ಆದ ಒಳ್ಳೆಯ ಕೆಲಸ ಯಾವುದು ಅಂದರೆ ನಾನು ಇದನ್ನೇ ಹೇಳುತ್ತೇನೆ.

ಧಾರವಾಡದವರಿಗೆ ಪ್ರತ್ಯೇಕ ಮಹಾನಗರ ಪಾಲಿಕೆ ಬೇಕು ಅನ್ನುವುದು ಹಳೇ ಬೇಡಿಕೆ. 1962ರಿಂದ ಎರಡೂ ಊರು ಒಂದೇ ಪಾಲಿಕೆಯಲ್ಲಿದ್ದರೂ ದುಡ್ಡೆಲ್ಲ ಹುಬ್ಬಳ್ಳಿಗೇ ಹೋಗುತ್ತದೆ ಅಂತ ಅವರ ನೋವು. 2025ರ ಜನವರಿಯಲ್ಲಿ ಸಚಿವ ಸಂಪುಟ ಅದಕ್ಕೆ ಒಪ್ಪಿತು. ಅದರಿಂದ ಅಲ್ಲಿನ ವಾರ್ಡ್‌ಗಳಿಗೆ ಒಳ್ಳೆಯದೇ ಆಗಲಿ.

ಉಳಿದದ್ದು ನಿನಗೆ ಗೊತ್ತಿರುವುದೇ. ಸ್ಕೂಲು, ಬ್ಯಾಂಕು, ತರಕಾರಿ, ಬಂಧುಗಳ ಮನೆ, ಎಲ್ಲ ಅರ್ಧ ತಾಸಿನೊಳಗೆ. ಕಿಮ್ಸ್ ಆಸ್ಪತ್ರೆ ಇದೆ, ಸುತ್ತಲಿನ ಜಿಲ್ಲೆಗಳವರೂ ಅಲ್ಲಿಗೇ ಬರುತ್ತಾರೆ. ಸಂಜೆ ಗಿರಮಿಟ್ಟು, ಮಿರ್ಚಿ ತಿನ್ನಲು ಹೊರಟರೆ ಪಾರ್ಕಿಂಗ್ ಹುಡುಕುತ್ತಾ ತಾಸು ಕಳೆಯಬೇಕಿಲ್ಲ. ನೀನು ದಿನಾ ಆ ರಿಂಗ್ ರೋಡಿನಲ್ಲಿ ಕಳೆಯುವ ಹೊತ್ತು ನಿನ್ನ ಮಗನ ಪಾಲಿಗೆ ಬರುತ್ತದೆ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಅನುಕೂಲ.

ಇನ್ನು ಕೆಲಸ. ಇಲ್ಲಿ ನನಗೆ ಭಯ ಇದೆ. ಈಗ ಮನೆಯಿಂದ ಕೆಲಸ ಮಾಡಿ ಅನ್ನುವ ಕಂಪನಿ ನಾಳೆ ವಾಪಸ್ ಬನ್ನಿ ಅಂದರೆ? ಇಲ್ಲಿ ರೈಲ್ವೆ ಇದೆ, ಧಾರವಾಡದ ಕಡೆ ಕಾರ್ಖಾನೆಗಳಿವೆ, ಗೋಕುಲ ರಸ್ತೆಯ ಕಡೆ ಐಟಿ ಕಂಪನಿಯೂ ಬಂದಿದೆ. ಆದರೆ ನಿನ್ನ ಕೆಲಸಕ್ಕೆ ಬೆಂಗಳೂರಿನಲ್ಲಿ ಹತ್ತು ಬಾಗಿಲು ಇದ್ದರೆ ಇಲ್ಲಿ ಒಂದೋ ಎರಡೋ. ಸಂಬಳವೂ ಅಷ್ಟು ಸಿಗುವುದಿಲ್ಲ. ವಂದೇ ಭಾರತ್ ಬಂದ ಮೇಲೆ ಬೆಳಿಗ್ಗೆ ಅಲ್ಲಿ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಇಲ್ಲಿ, ಆದರೆ ದಿನಾ ಹೋಗಿ ಬರುವ ದೂರ ಅಲ್ಲ ಅದು. ನಿನ್ನ ಗಂಡನ ಕಂಪನಿ ಏನು ಹೇಳುತ್ತದೆ ಅನ್ನುವುದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ, ಬಾಯಿಮಾತು ಬೇಡ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ನಮ್ಮನ್ನು ನೋಡಿಕೊಳ್ಳಲು ಅಂತ ಬರಬೇಡ. ನಮಗಿನ್ನೂ ಕೈಕಾಲು ಗಟ್ಟಿ ಇವೆ, ಓಣಿಯ ಜನ ಇದ್ದಾರೆ. ನಮಗೋಸ್ಕರ ಕೆಲಸ ಬಿಟ್ಟು ಬಂದು, ಎರಡು ವರ್ಷಕ್ಕೆ ನಿನಗೆ ಬೇಜಾರಾದರೆ ಅದನ್ನು ನೋಡುವುದು ನಮಗೆ ಕಷ್ಟ. ನಿನಗೆ ಇಲ್ಲಿ ಇರಬೇಕು ಅನಿಸಿದರೆ ಮಾತ್ರ ಬಾ.

ಬರುವುದಾದರೆ ಈ ಸಲ ದಸರೆ, ದೀಪಾವಳಿ ಅಂತ ಬರಬೇಡಿ. ಮೇ ತಿಂಗಳಲ್ಲಿ ಬಂದು ಸ್ಕೂಲ್ ಶುರುವಾಗುವ ತನಕ ಇರಿ. ಮಗುವಿಗೆ ಧೂಳು ತಡೆಯುತ್ತದಾ ನೋಡಿ. ಗಂಡನಿಗೆ ಒಮ್ಮೆ ರಾತ್ರಿ ನೀರು ಹಿಡಿಯಲು ಹೇಳು. ಬೆಂಗಳೂರಿನ ಮನೆಯ ಅಡ್ವಾನ್ಸ್ ಅಲ್ಲಿಯವರೆಗೆ ವಾಪಸ್ ಕೇಳಬೇಡಿ, ಇಲ್ಲಿ ಸೈಟಿಗೂ ದುಡ್ಡು ಕೊಡಬೇಡಿ. ಬಣ್ಣದ ಕೆಲಸ ಮಾತ್ರ ನಾನು ತಡೆಯಲು ಹೋಗುವುದಿಲ್ಲ, ಅಪ್ಪ ಆಗಲೇ ಬಣ್ಣದ ಅಂಗಡಿಗೆ ಹೋಗಿ ಬಂದಿದ್ದಾರೆ. ಯಾವ ಬಣ್ಣ ಬೇಕು ಅಂತ ತಿಳಿಸು.

ನಿನ್ನ ಅವ್ವ