ಕಾಯಂ ಹುದ್ದೆ: ಬಾಗಿಲು ಮೊದಲ ದಿನವೇ ಮುಚ್ಚಲಿ

ಸಚಿವರ ಆಪ್ತ ಶಾಖೆಗೋ (ಸಚಿವರ ಖಾಸಾ ಸಿಬ್ಬಂದಿಯ ಕಚೇರಿ) ನಿಗಮ–ಮಂಡಳಿ ಅಧ್ಯಕ್ಷರ ಕಚೇರಿಗೋ ತಾತ್ಕಾಲಿಕವಾಗಿ ಬಂದವರು ಕಾಯಂ ಹುದ್ದೆಗೆ ಜಾರುವುದು ಒಂದೇ ದಿನದಲ್ಲಲ್ಲ. ಮೊದಲು ಲೆಟರ್‌ಹೆಡ್‌ನಲ್ಲಿ ಶಿಫಾರಸು. ಹೊರಗುತ್ತಿಗೆ ಏಜೆನ್ಸಿಯ ಪಟ್ಟಿಗೆ ಹೆಸರು ಸೇರುತ್ತದೆ. ಟೆಂಡರ್ ಮುಗಿದು ಏಜೆನ್ಸಿ ಬದಲಾದರೂ ಹೆಸರು ಬದಲಾಗದು. ಸಚಿವರು ಹೋದ ಮೇಲೆ ಯಾವುದೋ ಖಾಲಿ ಹುದ್ದೆಯ ಎದುರು ಸಂಬಳ ಬಟವಾಡೆ ಶುರು. ಕಡತ ಕೆಡುವುದು ಇಲ್ಲೇ. ಮಂಜೂರಾದ ಹುದ್ದೆಯಲ್ಲಿ ದುಡಿದಿದ್ದೇನೆ ಎನ್ನುವುದೇ ಮುಂದೆ ಸಕ್ರಮ, ಅಂದರೆ ಸೇವೆ ಕಾಯಂ ಮಾಡಿ ಎಂದು, ಕೇಳಲು ಆಧಾರ.

ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ಪ್ರಕರಣದಲ್ಲಿ (10 ಏಪ್ರಿಲ್ 2006) ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠ ಹಿಂಬಾಗಿಲ ನೇಮಕಾತಿಗೆ ತಡೆ ಹಾಕಿತು. ವಿನಾಯಿತಿ ಒಂದೇ: ವಿದ್ಯಾರ್ಹತೆ ಇದ್ದು, ಮಂಜೂರಾದ ಖಾಲಿ ಹುದ್ದೆಯಲ್ಲಿ, ಕೋರ್ಟ್ ಆದೇಶದ ಆಸರೆ ಇಲ್ಲದೆ 10 ವರ್ಷ ದುಡಿದವರಿಗೆ ಒಂದು ಬಾರಿಯ ಸಕ್ರಮ. ವಿಪರ್ಯಾಸವೆಂದರೆ ಈ ತೀರ್ಪಿನ ಏಟು ಹೆಚ್ಚಾಗಿ ಬಿದ್ದದ್ದು ಶಿಫಾರಸೇ ಇಲ್ಲದ ದಿನಗೂಲಿಗಳ ಮೇಲೆ. ಕೇಂದ್ರ ಜಲ ಆಯೋಗದಲ್ಲಿ ಕಸ ಗುಡಿಸುತ್ತಿದ್ದವರ ಪ್ರಕರಣದಲ್ಲಿ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ತೀರ್ಪಿನ ಈ ದುರ್ಬಳಕೆಯನ್ನು ಆಕ್ಷೇಪಿಸಿತು. ಪೌರಕಾರ್ಮಿಕರನ್ನೂ ಆಪ್ತ ಶಾಖೆಯವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಆದ್ದರಿಂದ ತಡೆ ಹತ್ತನೇ ವರ್ಷದಲ್ಲಲ್ಲ, ನೇಮಕದ ಮೊದಲ ಆದೇಶದಲ್ಲೇ ಇರಬೇಕು. ಸಚಿವರ ಅಧಿಕಾರ ಮುಗಿದ ದಿನವೇ ಸೇವೆಯೂ ಮುಗಿಯುತ್ತದೆಂದು ಅದರಲ್ಲಿ ಬರೆಯಲಿ. ಸಂಬಳ ಬಜೆಟ್‌ನ ಪ್ರತ್ಯೇಕ ಲೆಕ್ಕಶೀರ್ಷಿಕೆಯಿಂದ ಬರಲಿ, ಖಾಲಿ ಹುದ್ದೆಯ ಎದುರು ಬೇಡ. ಖಾಲಿ ಹುದ್ದೆಯಲ್ಲಿ ಹೀಗೆ ಕೂರಿಸಿದರೆ ಮೀಸಲಾತಿಯ ರೋಸ್ಟರ್ ಬಿಂದುವೂ (ಸರದಿಯಂತೆ ಮೀಸಲು ವರ್ಗಕ್ಕೆ ಬರಬೇಕಾದ ಹುದ್ದೆ) ಸದ್ದಿಲ್ಲದೆ ನುಂಗಿಹೋಗುತ್ತದೆ. ಆಪ್ತ ಶಾಖೆಯವರು ಲೋಕಸೇವಾ ಆಯೋಗದ ಪರೀಕ್ಷೆ ಬರೆಯಲಿ, ಅಡ್ಡಿಯಿಲ್ಲ. ಆದರೆ ಅಲ್ಲಿನ ಸೇವೆಗೆ ಕೃಪಾಂಕವಾಗಲಿ ವಯೋಮಿತಿ ಸಡಿಲಿಕೆಯಾಗಲಿ ಕೂಡದು. ವಿಶೇಷ ನೇಮಕಾತಿ ನಿಯಮದ ಕರಡು ಬಂದಾಗ ಮೊದಲು ಓದಬೇಕಾದದ್ದು ‘ಅನುಭವ’ದ ಕಲಂ. ಒಬ್ಬರ ಅಳತೆಗೇ ಹೊಲಿದ ಅಂಗಿ ಸಿಗುವುದು ಅಲ್ಲೇ.

ಅಮೆರಿಕದಲ್ಲಿ ಈ ನುಸುಳುವಿಕೆಗೆ ‘ಬಿಲ ತೋಡುವುದು’ ಎಂಬ ಅಡ್ಡಹೆಸರೇ ಇದೆ. ಹಿಂದಿನ ಐದು ವರ್ಷಗಳಲ್ಲಿ ರಾಜಕೀಯ ನೇಮಕದಲ್ಲಿದ್ದವರನ್ನು ಕಾಯಂ ಸೇವೆಗೆ ತೆಗೆದುಕೊಳ್ಳಲು ಇಲಾಖೆಗಳು ಕೇಂದ್ರ ಸಿಬ್ಬಂದಿ ನಿರ್ವಹಣಾ ಕಚೇರಿಯ ಪೂರ್ವಾನುಮತಿ ಪಡೆಯಬೇಕೆಂಬ ನಿಯಮ 2010ರ ಜನವರಿಯಿಂದ ಅಲ್ಲಿ ಬಂತು. ನಮ್ಮಲ್ಲಿ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ ಇಂಥ ಸುತ್ತೋಲೆ ಹೊರಡಿಸಬಹುದು. ಅದಕ್ಕೂ ಮೊದಲು, ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಅಡಿ ಪ್ರಕಟಿಸುವ ನೌಕರರ ವಿವರದಲ್ಲಿ ಆಪ್ತ ಶಾಖೆಯ ಗುತ್ತಿಗೆಯವರ ಹೆಸರು, ಸಂಬಳ, ಸೇವೆ ಮುಗಿಯುವ ದಿನಾಂಕ ಹಾಕಲಿ. ಇದಕ್ಕೆ ಹೊಸ ಕಾನೂನೂ ಬೇಡ.

– ನಿವೃತ್ತ ಸಚಿವಾಲಯ ನೌಕರರು, ಬೆಂಗಳೂರು