ಕಟ್ಟಡ ನಾವು ಕಟ್ಟುತ್ತೇವೆ, ಹುದ್ದೆ ನೀವು ಕೊಡಿಸಿ: ಧಾರವಾಡದ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ,

ಸಪ್ತಾಪುರದ ಸುತ್ತಲಿನ ಬಡಾವಣೆಗಳ ನಿವಾಸಿಗಳು ಸೇರಿ ಸಾರ್ವಜನಿಕ ಗ್ರಂಥಾಲಯ ಕಟ್ಟಲು ಹೊರಟಿರುವುದು ನಿಮ್ಮ ಕಿವಿಗೆ ಬಿದ್ದಿರಬಹುದು. ಅನುದಾನ ಕೇಳಲು ಬಂದರು ಅಂದುಕೊಳ್ಳಬೇಡಿ. ಕಟ್ಟಡದ ಹಣ ಹೇಗೋ ಕೂಡುತ್ತದೆ. ಈ ಭಾಗದಲ್ಲಿ ಗಣಪತಿಗೂ ಗುಡಿಗೂ ಪಟ್ಟಿ ಎತ್ತಿ ರೂಢಿಯಿದೆ, ಲೆಕ್ಕ ಸರಿಯಿದ್ದರೆ ಜನ ಕೊಡುತ್ತಾರೆ. ಪಟ್ಟಿ ಎತ್ತಿ ಕೂಡಿಸಲಾಗದ್ದು ಕಟ್ಟಿದ ಮೇಲಿನ ಖರ್ಚು. ನಿಮ್ಮ ಕೆಲಸವಿರುವುದು ಅಲ್ಲಿ.

ಲೆಕ್ಕ ಹೀಗಿದೆ. ಕೂತು ಓದುವವರಿಗೆ ತಲಾ 25 ಚದರ ಅಡಿಯಂತೆ 60 ಜನಕ್ಕೆ 1,500 ಚದರ ಅಡಿ. ಮೂರಡಿ ಅಗಲದ, ಆರು ತಟ್ಟೆಯ ಒಂದು ಕಪಾಟಿನಲ್ಲಿ 180ರಿಂದ 200 ಪುಸ್ತಕ ಹಿಡಿಯುತ್ತವೆ. 10,000 ಪುಸ್ತಕಕ್ಕೆ ಐವತ್ತರ ಮೇಲೆ ಕಪಾಟು, ಓಡಾಡುವ ಜಾಗವೂ ಸೇರಿ 600 ಚದರ ಅಡಿ. ಮಕ್ಕಳ ಖೋಲಿ 400, ಕೌಂಟರು, ಶೌಚಾಲಯ, ಜಗಲಿ 500. ಒಟ್ಟು 3,000 ಚದರ ಅಡಿಗೆ 2,000 ರೂಪಾಯಿ ದರ ಹಿಡಿದರೆ 60 ಲಕ್ಷ.

ಇನ್ನು ನಡೆಸುವ ಖರ್ಚು. ಒಬ್ಬ ಗ್ರಂಥಪಾಲಕ, ಒಬ್ಬ ಸಹಾಯಕ, ಇಬ್ಬರ ಸಂಬಳ ತಿಂಗಳಿಗೆ ಬರೀ 34,000 ಹಿಡಿದರೂ ವರ್ಷಕ್ಕೆ 4.08 ಲಕ್ಷ. ಕರೆಂಟು 72 ಸಾವಿರ, ಪತ್ರಿಕೆ-ಮಾಸಿಕ 60 ಸಾವಿರ, ಸ್ವಚ್ಛತೆ 96 ಸಾವಿರ, ಹೊಸ ಪುಸ್ತಕಕ್ಕೆ ಒಂದೂವರೆ ಲಕ್ಷ. ಕೂಡಿಸಿದರೆ 7.86 ಲಕ್ಷ. ಎಂಟೇ ವರ್ಷದಲ್ಲಿ ಇದು ಕಟ್ಟಡದ ವೆಚ್ಚವನ್ನು ದಾಟುತ್ತದೆ. ಠೇವಣಿಯ ಬಡ್ಡಿಯಲ್ಲೇ ನಡೆಸೋಣವೆಂದರೆ ಶೇ. 7ರ ದರದಲ್ಲಿ 1.12 ಕೋಟಿ ಬ್ಯಾಂಕಿನಲ್ಲಿರಬೇಕು. ಕಟ್ಟಡದ ಸುಮಾರು ಎರಡು ಪಟ್ಟು! ಉದ್ಘಾಟನೆಯಾದ ಮೂರನೆಯ ವರ್ಷಕ್ಕೆ ಬೀಗ ಬೀಳುವ ವಾಚನಾಲಯಗಳ ಗುಟ್ಟು ಇಷ್ಟೇ. ಕಲ್ಲಿಗೆ ದುಡ್ಡು ಕೊಟ್ಟವರಿರುತ್ತಾರೆ, ಕಸಬರಿಗೆಗೆ ಕೊಡುವವರು ಸಿಗುವುದಿಲ್ಲ.

ನಿಮ್ಮ ಪ್ರದೇಶಾಭಿವೃದ್ಧಿ ನಿಧಿಯಲ್ಲಿ ವರ್ಷಕ್ಕೆ 2 ಕೋಟಿ ಇದೆ, ನಿಜ. ಆದರೆ ಅದು ಶಾಶ್ವತ ಆಸ್ತಿಗೆ ಮೀಸಲು, ಸಂಬಳಕ್ಕೆ ಬಳಸುವಂತಿಲ್ಲ. ಸಂಬಳಕ್ಕೆ ಬೇರೆ ದಾರಿಯನ್ನು 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯೇ ಮಾಡಿಟ್ಟಿದೆ. ಆಸ್ತಿ ತೆರಿಗೆಯ ರಸೀದಿಯಲ್ಲಿ ಆರೋಗ್ಯ ಕರ, ಭಿಕ್ಷುಕರ ಕರದ ಜೊತೆ ಗ್ರಂಥಾಲಯ ಕರವೂ ಇರುತ್ತದೆ, ತೆರಿಗೆಯ ಶೇ. 6. ಐದು ಸಾವಿರ ತೆರಿಗೆ ಕಟ್ಟುವ ಮನೆಯಿಂದ 300 ರೂಪಾಯಿ. ಅಂಥ ಸಾವಿರ ಮನೆಗಳಿಂದ ವರ್ಷಕ್ಕೆ 3 ಲಕ್ಷ. ನಮ್ಮ ಗ್ರಂಥಾಲಯವನ್ನು ನಗರ ಕೇಂದ್ರ ಗ್ರಂಥಾಲಯದ ಶಾಖೆಯಾಗಿ ಒಪ್ಪಿಕೊಂಡು, ಹುದ್ದೆ ಮತ್ತು ಪತ್ರಿಕೆಯ ವೆಚ್ಚವನ್ನು ಈ ಕರದಿಂದ ಭರಿಸಬೇಕೆಂಬುದು ನಮ್ಮ ಬೇಡಿಕೆ. ಇದಕ್ಕೆ ನಗರ ಗ್ರಂಥಾಲಯ ಪ್ರಾಧಿಕಾರದಲ್ಲಿ ಠರಾವಾಗಬೇಕು. ಅದೂ ಭೂಮಿಪೂಜೆಗಿಂತ ಮುಂಚೆ. ಕಟ್ಟಿದ ಮೇಲೆ ಕೇಳಿದರೆ 'ಹುದ್ದೆ ಮಂಜೂರಿಲ್ಲ' ಎಂಬ ಉತ್ತರ ಸಿದ್ಧವಿರುತ್ತದೆ, ಆಗ ಬೀಗದ ಕೈ ಹಿಡಿದುಕೊಂಡು ನಿಲ್ಲುವವರು ನಾವು.

ಭೂಮಿಪೂಜೆಗೆ ಖಂಡಿತ ನಿಮ್ಮನ್ನೇ ಕರೆಯುತ್ತೇವೆ, ಆದರೆ ಮಣ್ಣು ಪರೀಕ್ಷೆಯ ವರದಿ ಬಂದ ಮೇಲೆ. ಧಾರವಾಡದ ಏರಿನಲ್ಲಿ ಮಸಾರಿ (ಕೆಂಪು ಮಣ್ಣು), ತಗ್ಗಿನಲ್ಲಿ ಎರಿ (ಕಪ್ಪು ಮಣ್ಣು). ಎರಿ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಮೂರಡಿ ಪಾಯ ತೋಡಿ ಗೋಡೆ ಎಬ್ಬಿಸಿದರೆ ಎರಡು ಮಳೆಗಾಲ ಸಾಕು, ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ನಿವೇಶನದಲ್ಲಿ ಎರಿ ಆಳವಾಗಿದ್ದರೆ ಬುಡದಲ್ಲಿ ಬಲ್ಬಿನಂತೆ ಅಗಲವಾಗುವ ಅಂಡರ್-ರೀಮ್ಡ್ ಪೈಲ್ ಹಾಕಬೇಕು. ಕನಿಷ್ಠ ಮೂರೂವರೆ ಮೀಟರ್ ಆಳ, ಬಲ್ಬಿನ ವ್ಯಾಸ ಕಂಬದ ಎರಡೂವರೆ ಪಟ್ಟು. ಪೈಲುಗಳ ಮೇಲಿನ ತೊಲೆಗೂ ನೆಲಕ್ಕೂ ನಡುವೆ ಸಂದು ಬಿಡಬೇಕು, ಇಲ್ಲದಿದ್ದರೆ ಉಬ್ಬಿದ ಮಣ್ಣು ತೊಲೆಯನ್ನೇ ಎತ್ತುತ್ತದೆ. ಸಮಾರಂಭದ ದಿನಾಂಕಕ್ಕೆ ಹೆದರಿ ಈ ಕೆಲಸವನ್ನು ಅವಸರದಲ್ಲಿ ಮುಗಿಸಲು ನಾವು ತಯಾರಿಲ್ಲ.

ಭಾರದ ವಿಷಯ ಇನ್ನೊಂದು. ಮನೆಯ ಖೋಲಿಯ ನೆಲವನ್ನು ಚದರ ಮೀಟರಿಗೆ ಸುಮಾರು 200 ಕಿಲೋ ಹೊರುವಂತೆ ಲೆಕ್ಕ ಹಾಕುತ್ತಾರೆ, ಪುಸ್ತಕದ ಕಪಾಟು ನಿಲ್ಲುವ ಖೋಲಿಗೆ ಭಾರತೀಯ ಮಾನಕದ ಪ್ರಕಾರ 600 ಕಿಲೋ. ಸಮುದಾಯ ಭವನದ ಮೇಲಿನ ಮಹಡಿಯಲ್ಲಿ 'ಗ್ರಂಥಾಲಯವನ್ನೂ ಮಾಡಿಬಿಡಿ' ಎನ್ನುವ ಸಲಹೆ ನಿಮಗೂ ಬರಬಹುದು, ದಯವಿಟ್ಟು ಒಪ್ಪಬೇಡಿ. ಕಪಾಟು ನೆಲಮಾಳಿಗೆಯಲ್ಲೂ ಬೇಡ, ಮಹಡಿಯಲ್ಲೂ ಬೇಡ, ನೆಲದ ಅಂತಸ್ತಿನಲ್ಲೇ ಇರಲಿ. ಮಣ್ಣು ತುಂಬುವಾಗಲೇ ಗೆದ್ದಲು ನಿರೋಧಕ ದ್ರಾವಣ ಹಾಕಿಸಬೇಕು, ಪಾಯದ ತಳಕ್ಕೆ ಚದರ ಮೀಟರಿಗೆ 5 ಲೀಟರ್. ಇದು ಬಿಲ್ಲಿನಲ್ಲಿ ಕಾಣುತ್ತದೆ, ಗೋಡೆ ಎದ್ದ ಮೇಲೆ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಹಾಕುವ ದಿನ ನಮ್ಮವರೊಬ್ಬರು ಅಲ್ಲಿ ನಿಂತಿರುತ್ತಾರೆ. ಜುಲೈ-ಆಗಸ್ಟಿನ ಇಲ್ಲಿಯ ಜಿಟಿಜಿಟಿ ಮಳೆಗೆ ಪುಸ್ತಕದ ರಟ್ಟು ಬೂಸ್ಟು ಹಿಡಿಯುತ್ತದೆ. ಡಾಂಬರು ಗುಳಿಗೆ ಹುಳಕ್ಕೆ, ಬೂಸ್ಟಿಗಲ್ಲ. ಬೂಸ್ಟಿಗೆ ಗಾಳಿಯೇ ಮದ್ದು: ಎದುರುಬದುರು ಕಿಟಕಿ, ಗೋಡೆಯಿಂದಲೂ ನೆಲದಿಂದಲೂ ಅರ್ಧ ಅಡಿ ದೂರ ನಿಂತ ಉಕ್ಕಿನ ಕಪಾಟು.

ಇಲ್ಲಿ ಓದಲು ಬರುವವರು ಯಾರೆಂದು ನಿಮಗೆ ಹೇಳಬೇಕಿಲ್ಲ. ವಿಜಯಪುರ, ಬಾಗಲಕೋಟೆ, ಕೊಪ್ಪಳ, ರಾಯಚೂರಿನಿಂದ ಬಂದು ಖೋಲಿ ಹಿಡಿದು ಪಿಎಸ್‌ಐ, ಕೆಎಎಸ್, ಎಫ್‌ಡಿಎ ಪರೀಕ್ಷೆಗೆ ಓದುವ ಹುಡುಗ-ಹುಡುಗಿಯರು. ತಿಂಗಳ ಬಾಡಿಗೆಯ ಮೇಲೆ ಇನ್ನೊಂದಿಷ್ಟು ತೆತ್ತು ಖಾಸಗಿ ರೀಡಿಂಗ್ ರೂಮಿನಲ್ಲಿ ಕುರ್ಚಿ ಹಿಡಿಯುತ್ತಾರೆ. ಅವರಿಗೆ ನಮ್ಮ ಪುಸ್ತಕಕ್ಕಿಂತ ನಮ್ಮ ಕುರ್ಚಿ, ಬೆಳಕು, ಪ್ಲಗ್ಗು ಬೇಕು, ರಾತ್ರಿ ಹತ್ತರವರೆಗೆ ಬೇಕು. ಎಲ್ಲರಿಗೂ ಒಂದೇ ಹಾಲ್ ಮಾಡಿದರೆ ಬೆಳಿಗ್ಗೆ ಏಳಕ್ಕೇ ಅದು ತುಂಬುತ್ತದೆ, ಪತ್ರಿಕೆ ಓದುವ ಹಿರಿಯರಿಗೂ ಶಾಲೆ ಬಿಟ್ಟು ಬರುವ ಮಕ್ಕಳಿಗೂ ಜಾಗವಿರುವುದಿಲ್ಲ. ಹಾಗಾಗಿ ಓದುವ ಹಾಲ್‌ಗೆ ಪ್ರತ್ಯೇಕ ಬಾಗಿಲು, ಶೌಚಾಲಯ ಅದರ ಕಡೆಗೆ. ಸಂಜೆ ಆರಕ್ಕೆ ಪುಸ್ತಕದ ಭಾಗಕ್ಕೆ ಬೀಗ, ಹಾಲ್ ಮಾತ್ರ ಹತ್ತರವರೆಗೆ. ಆ ಹೊತ್ತಿಗೆ ಒಬ್ಬರು ನೋಡಿಕೊಂಡರೆ ಸಾಕು. ನಕ್ಷೆಯಲ್ಲಿ ಈಗ ಒಂದು ಬಾಗಿಲು ಹೆಚ್ಚಿಸಿದರೆ ಮುಂದೆ ಒಂದು ಸಂಬಳ ಉಳಿಯುತ್ತದೆ.

ಪುಸ್ತಕ ದಾನದ ಬಗ್ಗೆ ಒಂದು ಮಾತು, ಏಕೆಂದರೆ ನೀವೂ ವೇದಿಕೆಯಿಂದ ಅದಕ್ಕೆ ಕರೆ ಕೊಡುತ್ತೀರಿ. ಬರುವುದರಲ್ಲಿ ಬಹುಪಾಲು ಹಳೆಯ ಗೈಡು, ಬದಲಾದ ಪಠ್ಯಕ್ರಮದ ಪುಸ್ತಕ. ಬಂದ ಪ್ರತಿಯೊಂದಕ್ಕೂ ನೋಂದಣಿ ಸಂಖ್ಯೆ, ವರ್ಗೀಕರಣ, ಬೆನ್ನ ಮೇಲೆ ಚೀಟಿ, ಗಣಕದಲ್ಲಿ ದಾಖಲೆ ಆಗಬೇಕು. ತಂತ್ರಾಂಶವೇನೋ ಉಚಿತ, ಕೋಹಾ ಇದೆ, ಕೇಂದ್ರ ಸರ್ಕಾರದ ಎನ್‌ಐಸಿಯ ಇ-ಗ್ರಂಥಾಲಯ ಇದೆ. ಪುಸ್ತಕಕ್ಕೆ 12 ನಿಮಿಷದಂತೆ 5,000 ಪುಸ್ತಕಕ್ಕೆ ಸಾವಿರ ಗಂಟೆ, ಅಂದರೆ ಒಬ್ಬರ ಅರ್ಧ ವರ್ಷದ ದುಡಿಮೆ. ಬೇಡದ್ದನ್ನು ತಿರಸ್ಕರಿಸುವ ಹಕ್ಕನ್ನು ದಾನದ ಅರ್ಜಿಯಲ್ಲೇ ಬರೆದಿದ್ದೇವೆ. ಕನ್ನಡದ ಹೊಸ ಪುಸ್ತಕಗಳಿಗೆ ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ಯೋಜನೆಯಿದೆ. ರಾಜ್ಯ ತನ್ನ ಪಾಲು ಇಟ್ಟರೆ ಅವರು ತಮ್ಮ ಪಾಲು ಸೇರಿಸುತ್ತಾರೆ.

ಹಣದ ಶಿಸ್ತಿನ ಬಗ್ಗೆ ನಿಮಗೆ ಅನುಮಾನ ಬೇಡ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ, ಒಂದೇ ಬ್ಯಾಂಕ್ ಖಾತೆ, ಎರಡು ಸಹಿ. ಎರಡು ಸಾವಿರಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವುದಿಲ್ಲ, ದಾನಿಗೆ ಆದಾಯ ತೆರಿಗೆಯ ವಿನಾಯಿತಿಯೂ ಅಂಥ ನಗದಿಗೆ ಸಿಗುವುದಿಲ್ಲ. ವಿದೇಶದಲ್ಲಿರುವ ನಮ್ಮೂರವರು ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿದ್ದರೆ ಕೊಡಬಹುದು. ಅಲ್ಲಿಯ ಪೌರತ್ವ ಪಡೆದವರ ಹಣಕ್ಕೆ ವಿದೇಶಿ ದೇಣಿಗೆಯ ಕಾಯ್ದೆಯಾದ ಎಫ್‌ಸಿಆರ್‌ಎ ಅನುಮತಿ ಬೇಕು, ಅದಿಲ್ಲದೆ ಒಂದು ರೂಪಾಯಿಯನ್ನೂ ಮುಟ್ಟುವುದಿಲ್ಲ.

ಬಡಾವಣೆಯ ನಾಗರಿಕ ಸೌಲಭ್ಯ ನಿವೇಶನಕ್ಕೆ ಅರ್ಜಿ ಸಿದ್ಧವಿದೆ. ನಿವೇಶನದ ಕಾಗದ ಸ್ಪಷ್ಟವಾಗದೆ ಪಟ್ಟಿ ಎತ್ತುವುದಿಲ್ಲ ಎಂದು ಸಭೆಯಲ್ಲಿ ತೀರ್ಮಾನಿಸಿದ್ದೇವೆ. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ನಿವೇಶನ, ಆಮೇಲೆ ಪ್ರಾಧಿಕಾರದ ಠರಾವು, ಆಮೇಲೆ ಮಣ್ಣು ಪರೀಕ್ಷೆ, ಕೊನೆಗೆ ಪಟ್ಟಿ ಮತ್ತು ಪಾಯ. ನಿಮ್ಮ ನಿಧಿಯಿಂದ ಏನಾದರೂ ಕೊಡಲೇಬೇಕೆಂದಿದ್ದರೆ ಕಾಂಪೌಂಡ್ ಗೋಡೆ ಮತ್ತು ಚಾವಣಿಯ ಸೋಲಾರ್ ಕೊಡಿ. ಕರೆಂಟಿನ ಬಿಲ್ಲಾದರೂ ಇಳಿಯುತ್ತದೆ. ಫಲಕದ ಮೇಲೆ ನಿಮ್ಮ ಹೆಸರಿಗೆ ನಮ್ಮ ತಕರಾರಿಲ್ಲ.

ಠರಾವಿನ ಕರಡು, ಮೇಲಿನ ಖರ್ಚಿನ ಪಟ್ಟಿ ಮತ್ತು ಎರಡು ಬಾಗಿಲಿನ ನಕ್ಷೆ ಈ ಪತ್ರದೊಂದಿಗಿವೆ. ಪ್ರಾಧಿಕಾರದ ಮುಂದಿನ ಸಭೆಯ ಕಾರ್ಯಸೂಚಿಗೆ ವಿಷಯವನ್ನು ಸೇರಿಸುವಂತೆ ನೀವು ಲಿಖಿತವಾಗಿ ಶಿಫಾರಸು ಮಾಡಿ, ಪ್ರತಿಯೊಂದನ್ನು ನಮಗೆ ಕಳಿಸಬೇಕೆಂದು ಕೋರುತ್ತೇವೆ.

ಗ್ರಂಥಾಲಯ ನಿರ್ಮಾಣ ಸಮಿತಿಯ ಪರವಾಗಿ
ಬಡಾವಣೆಯ ನಿವಾಸಿಗಳು, ಧಾರವಾಡ